ಮಂಗಳೂರು ಮುಟ್ಟಲು 46 ವರ್ಷ: ನಮ್ಮ ಕರಾವಳಿಯ ತುಂಡು ತುಂಡು ರೈಲು ದಾರಿಗಳು

ಚಂದ್ರಗಿರಿ ತೀರ ಬರೆದದ್ದು:

ಕಾಸರಗೋಡಿನ ರೈಲು ಅಂದರೆ ಎಲ್ಲರೂ ವಂದೇ ಭಾರತ್‌ನಿಂದ ಶುರು ಮಾಡ್ತಾರೆ. 2023ರ ಏಪ್ರಿಲ್ 25ಕ್ಕೆ ತಿರುವನಂತಪುರದಿಂದ ಹೊರಟದ್ದು, ಇಲ್ಲಿಗೆ ಬಂದದ್ದು, ಅದೇ ಮಾತು. ಆದರೆ ಈ ಹಳಿ ಇಲ್ಲಿಗೆ ಹೇಗೆ ಬಂತು ಅಂತ ಕೇಳಿದರೆ "ಬ್ರಿಟಿಷರು ಹಾಕಿದ್ದು" ಅನ್ನೋದರಲ್ಲಿ ಮಾತು ಮುಗಿದುಬಿಡುತ್ತದೆ. ಅದಕ್ಕೇ ಈ ಚರ್ಚೆ ಶುರು ಮಾಡ್ತಿದ್ದೇನೆ.

ನನ್ನ ಪ್ರಕಾರ ನಮ್ಮದು ಒಂದೇ ಸಲ ಯೋಚನೆ ಮಾಡಿ ಹಾಕಿದ ದೊಡ್ಡ ದಾರಿಯೇ ಅಲ್ಲ. ಸಣ್ಣ ಸಣ್ಣ ತುಂಡುಗಳು. ಪ್ರತಿ ತುಂಡೂ ಸ್ವಲ್ಪ ಕಾಲ ತಾನೇ ಕೊನೆ ಅಂತ ಇತ್ತು, ಆಮೇಲೆ ಮುಂದಿನದು ಬಂತು. ಮೊದಲ ತುಂಡು 1861ರ ಮಾರ್ಚ್ 12ಕ್ಕೆ ತಿರೂರಿನಿಂದ ಬೇಪೂರಿಗೆ, ಸುಮಾರು 30 ಕಿ.ಮೀ. ಮದ್ರಾಸ್ ರೈಲ್ವೆ ಕಂಪನಿಯದ್ದು. ಮರುವರ್ಷ ಅದು ಪಾಲಕ್ಕಾಡ್ ಕಡೆಯಿಂದ ಮದ್ರಾಸಿಗೆ ಸೇರಿತು. ಕೋಯಿಕ್ಕೋಡಿಗೆ ರೈಲು ಬಂದದ್ದು 1888ರಲ್ಲಿ. ಅಲ್ಲಿ ಮತ್ತೆ 13 ವರ್ಷ ನಿಂತಿತು. 1901ಕ್ಕೆ ವಡಕರ, ಆಮೇಲೆ ತಲಶ್ಶೇರಿ, ಕಣ್ಣೂರು. ಕಾಸರಗೋಡಿಗೆ 1906. ಮಂಗಳೂರಿಗೆ 1907. ಲೆಕ್ಕ ಹಾಕಿ ನೋಡಿ, ತಿರೂರಿನಿಂದ ಮಂಗಳೂರು ಮುಟ್ಟಲು 46 ವರ್ಷ!

ಯಾಕೆ ಇಷ್ಟು ತಡ? ಈ ತುಂಡು ದಾರಿಗಳ ಗುರುತು ಈಗ ಎಲ್ಲೆಲ್ಲಿ ಉಳಿದಿದೆ? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ನಮ್ಮ ಹಿರಿಯರ ತಲೆಯಲ್ಲಿ ಇರೋದು ಅವರ ಜೊತೆಗೇ ಹೋಗ್ತಾ ಇದೆ.

---

ಕುಂಬಳೆ ಮಾಷ್ಟ್ರು:

ಒಳ್ಳೆ ವಿಷಯ ಎತ್ತಿದ್ದೀರಿ ಮಾರಾಯ್ರೆ.

ತಡಕ್ಕೆ ದೊಡ್ಡ ಕಾರಣ ಹೊಳೆಗಳು. ಭೂಪಟ ಬಿಡಿಸಿ ಕಣ್ಣೂರಿನಿಂದ ಉತ್ತರಕ್ಕೆ ಬೆರಳಿಟ್ಟುಕೊಂಡು ಬನ್ನಿ. ವಳಪಟ್ಟಣಂ, ಕಾರ್ಯಂಗೋಡು, ನೀಲೇಶ್ವರ, ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ, ಮಂಜೇಶ್ವರ, ಕೊನೆಗೆ ನೇತ್ರಾವತಿ. ಎಲ್ಲವೂ ಘಟ್ಟದಿಂದಲೋ ಅದರ ಕೆಳಗಿನ ಗುಡ್ಡಗಳಿಂದಲೋ ಇಳಿದು ಸ್ವಲ್ಪ ದೂರದಲ್ಲೇ ಸಮುದ್ರ ಸೇರುವವು. ರೈಲು ದಾರಿ ಹಾಕಿದ್ದು ಸಮುದ್ರದ ಪಕ್ಕದಲ್ಲಿ, ಅಂದರೆ ಹೊಳೆ ತೀರಾ ಅಗಲ ಆಗೋ ಜಾಗದಲ್ಲಿ. ಅಳಿವೆ ಹತ್ತಿರ ಭರತ ಬಂದರೆ ಉಪ್ಪುನೀರು ಒಳಗೆ, ಮಳೆ ಬಂದರೆ ಕೆಂಪುನೀರು ಹೊರಗೆ. ಕೆಳಗೆ ಮರಳು, ಕೆಸರು. ಅಲ್ಲಿ ಕಂಬ ನಿಲ್ಲಿಸಬೇಕು. ಅದೂ ಮಳೆಗಾಲದ ನಾಲ್ಕು ತಿಂಗಳು ಕೆಲಸ ಬಂದ್.

ಇನ್ನೊಂದು, ಕಂಪನಿಗೆ ಅವಸರವೇ ಇರಲಿಲ್ಲ. ಅವರಿಗೆ ಬೇಕಾದ್ದು ಮದ್ರಾಸಿನಿಂದ ಪಡುವಣ ಸಮುದ್ರಕ್ಕೆ ಒಂದು ದಾರಿ. ಅದು ಬೇಪೂರಿನಲ್ಲೇ ಸಿಕ್ಕಿಬಿಟ್ಟಿತ್ತು. ಉತ್ತರಕ್ಕೆ ಬಂದದ್ದು ಮಂಗಳೂರಿನ ಹಂಚು, ಕಾಫಿ, ಮೆಣಸು ಕಂಡ ಮೇಲೆ. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನ ಹಂಚಿನ ಕಾರ್ಖಾನೆ 1865ಕ್ಕೇ ಶುರುವಾಗಿತ್ತು, ನೆನಪಿರಲಿ. ಅಂದರೆ ಕಾರ್ಖಾನೆ ಬಂದು 40 ವರ್ಷ ಆದ ಮೇಲೆ ರೈಲು. ಅಲ್ಲಿವರೆಗೆ ಹಂಚು ಹೋಗ್ತಿದ್ದದ್ದು ಪತ್ತೇಮಾರಿ, ಮಂಜಿ ಅನ್ನೋ ಹಾಯಿ ಹಡಗುಗಳಲ್ಲಿ. ಮಳೆ ಹಿಡಿಯಿತು ಅಂದರೆ ಬಂದರು ಮುಚ್ಚಿತು. ಹಡಗಿಲ್ಲ, ದೋಣಿ ಇಲ್ಲ, ಸರಕು ಗೋದಾಮಿನಲ್ಲೇ. ರೈಲು ಬಂದ ಮೇಲೆ ಆಷಾಢದಲ್ಲೂ ಸರಕು ಊರು ಬಿಟ್ಟು ಹೋಗುವ ಹಾಗಾಯಿತು. ನನ್ನ ಲೆಕ್ಕದಲ್ಲಿ ಈ ಕರಾವಳಿಗೆ ರೈಲು ಕೊಟ್ಟ ದೊಡ್ಡ ಬದಲಾವಣೆ ಅದೇ. ವೇಗ ಎಲ್ಲ ಆಮೇಲೆ.

---

ಬಂದರಿನ ಬಳಿ:

ಮಾಷ್ಟ್ರು ಹೇಳಿದ ಬೇಪೂರಿನ ಬಗ್ಗೆ ಸ್ವಲ್ಪ ಸೇರಿಸ್ತೇನೆ. ಹೆಸರಿಗೆ ಬೇಪೂರು. ಆದರೆ ಸ್ಟೇಷನ್ ಇದ್ದದ್ದು ಹೊಳೆಯ ದಕ್ಷಿಣ ದಡದ ಚಾಲಿಯಂನಲ್ಲಿ. ಕೋಯಿಕ್ಕೋಡಿಗೆ ಹೋಗುವವರು ಅಲ್ಲಿ ಇಳಿದು ದೋಣಿ ಹತ್ತಬೇಕು. 1888ರಲ್ಲಿ ಕಡಲುಂಡಿಯಿಂದ ನೇರ ಕೋಯಿಕ್ಕೋಡಿಗೆ ಹಳಿ ಹಾಕಿದ ಮೇಲೆ ಚಾಲಿಯಂ ತುಂಡಿಗೆ ಕೆಲಸವೇ ಉಳಿಯಲಿಲ್ಲ. ಕೇರಳದ ಮೊಟ್ಟಮೊದಲ ರೈಲಿನ ಕೊನೇ ಸ್ಟೇಷನ್ ಅದು. ಈಗ ಅಲ್ಲಿ ರೈಲೇ ಇಲ್ಲ.

ಹೊಸ ದಾರಿ ಹೋದದ್ದು ಕಲ್ಲಾಯಿ ಮೇಲೆ. ಕಲ್ಲಾಯಿ ಅಂದರೆ ಮರದ ವ್ಯಾಪಾರ. ಕಾಡಿನ ದಿಮ್ಮಿ ಹೊಳೆಯಲ್ಲಿ ತೇಲಿ ಬಂದು ಅಲ್ಲಿ ಸೇರುತ್ತಿತ್ತು. ಸರಕು ಎಲ್ಲಿದೆಯೋ ಹಳಿ ಅಲ್ಲಿ. ಜನ ಎಲ್ಲಿದ್ದಾರೆ ಅನ್ನೋದು ಎರಡನೇ ಪ್ರಶ್ನೆ.

ನಮ್ಮ ಕಾಸರಗೋಡು ಸ್ಟೇಷನ್ನೂ ಹಾಗೇ ಅಲ್ವಾ? ಪೇಟೆಯಿಂದ ತಳಂಗರೆ ಕಡೆಗೆ ಸರಿದು ನಿಂತಿದೆ. ತಳಂಗರೆಯಲ್ಲಿ ಬಂದರು ಇತ್ತು. ಈಗ ಬಸ್‌ಸ್ಟಾಂಡಿನಿಂದ ಆಟೋ ಹಿಡಿಯುವವರು "ಇಷ್ಟು ದೂರ ಯಾಕೆ ಇಟ್ಟರು" ಅಂತ ಬೈತಾರೆ. ಬಂದರಿನಿಂದ ನೋಡಿದರೆ ಅದು ಹತ್ತಿರವೇ.

---

ಪೆರ್ಲದ ಹುಡುಗಿ:

ನನಗೆ ಒಂದು ಡೌಟು. ಕಾಸರಗೋಡು ಕೇರಳಕ್ಕೆ ಹೋಗಲು ಈ ರೈಲೇ ಕಾರಣ ಅಂತ ನಮ್ಮ ಮನೆಯಲ್ಲಿ ಅಜ್ಜ ಹೇಳ್ತಿದ್ದರು. ಹಳಿ ದಕ್ಷಿಣಕ್ಕೆ ಹೋಯಿತು, ಜನ ದಕ್ಷಿಣಕ್ಕೆ ಹೋದರು, 1956ರಲ್ಲಿ ತಾಲೂಕೂ ದಕ್ಷಿಣಕ್ಕೆ ಹೋಯಿತು ಅಂತ. ಇದರಲ್ಲಿ ಎಷ್ಟು ನಿಜ?

---

ಗಡಿನಾಡ ಓದುಗ:

ಅಜ್ಜನ ಮಾತಿನಲ್ಲಿ ನೋವಿದೆ, ಅದು ನನಗೂ ಗೊತ್ತಿರುವ ನೋವು. ಆದರೆ ಆ ವಾದ ನಿಲ್ಲೋದಿಲ್ಲ ತಂಗಿ.

ರೈಲು ಬಂದಾಗ ಕಾಸರಗೋಡು, ಮಂಗಳೂರು ಎರಡೂ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು, ಎರಡೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಒಂದೇ ಹಳಿ ಎರಡೂ ಊರನ್ನು ಮದ್ರಾಸಿಗೆ ಕಟ್ಟಿತು. ಮಂಗಳೂರು ಸೆಂಟ್ರಲ್ ಈಗಲೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲೇ ಇದೆ. ಹಳಿ ರಾಜ್ಯ ತೀರ್ಮಾನ ಮಾಡೋದಾದರೆ ಮಂಗಳೂರೂ ಹೋಗಬೇಕಿತ್ತು. ಹೋಗಲಿಲ್ಲವಲ್ಲ. 1956ರ ನವೆಂಬರ್ 1ರ ಗೆರೆ ಎಳೆದದ್ದು ರಾಜಕೀಯ, ಜನಗಣತಿ, ದೆಹಲಿಯ ಲೆಕ್ಕಾಚಾರ. ಆಮೇಲೆ ಮಹಾಜನ ಆಯೋಗ ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲಿ ವರದಿ ಕೊಟ್ಟಿತು. ಅದು ಕಾಗದದಲ್ಲೇ ಉಳಿಯಿತು. ಇದರಲ್ಲಿ ಹಳಿಯ ತಪ್ಪೇನೂ ಇಲ್ಲ.

---

ಚಂದ್ರಗಿರಿ ತೀರ:

ಓದುಗರ ಮಾತು ಮುಕ್ಕಾಲು ಒಪ್ಪುತ್ತೇನೆ. ಉಳಿದ ಕಾಲು ಭಾಗ ಹೇಳ್ತೇನೆ.

ಗೆರೆ ಎಳೆದದ್ದು ರೈಲಲ್ಲ, ಸರಿ. ಆದರೆ ಗೆರೆ ಎಳೆದ ಮೇಲೆ ನಮ್ಮನ್ನು ಯಾವ ಕಡೆಗೆ ತಿರುಗಿಸಿ ನಿಲ್ಲಿಸಿತು ಅಂತ ನೋಡಿ. 1956ರಲ್ಲಿ ಕಾಸರಗೋಡಿನವನು ಬೆಂಗಳೂರಿಗೋ ಮೈಸೂರಿಗೋ ರೈಲಿನಲ್ಲೇ ಹೋಗಬೇಕಾದರೆ ಮಂಗಳೂರಿಂದ ಘಟ್ಟ ಹತ್ತುವ ಹಳಿಯೇ ಇರಲಿಲ್ಲ. ದಕ್ಷಿಣಕ್ಕೆ ಶೊರ್ನೂರು, ಪಾಲಕ್ಕಾಡ್, ಪೋದನೂರು, ಅಲ್ಲಿಂದ ಸೇಲಂ, ಜೋಲಾರಪೇಟೆ, ಆಮೇಲೆ ಬೆಂಗಳೂರು. ಕನ್ನಡ ನಾಡಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಲು ಮಲಬಾರು, ಕೊಂಗುನಾಡು ಎಲ್ಲ ಸುತ್ತಿ ಬರಬೇಕು. ಕೋಯಿಕ್ಕೋಡಿಗಾದರೆ ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನಕ್ಕೆ ಇಳಿಯಬಹುದು. ಕಾಲೇಜು, ಆಸ್ಪತ್ರೆ, ಕೆಲಸ, ಮದುವೆ ಸಂಬಂಧ ಎಲ್ಲ ನಿಧಾನಕ್ಕೆ ಹಳಿ ಇದ್ದ ಕಡೆಗೆ ಹರಿಯುತ್ತದೆ. ಅಜ್ಜ ಹೇಳಿದ್ದು ಬಹುಶಃ ಇದನ್ನೇ.

ಮಂಗಳೂರು–ಹಾಸನ ದಾರಿ ಬಂದದ್ದು 1979ರಲ್ಲಿ. ಗೆರೆ ಎಳೆದು 23 ವರ್ಷ ಆದ ಮೇಲೆ. ಅದೂ ಮೀಟರ್ ಗೇಜ್!

---

ಹೊಸದುರ್ಗದ ಗೇಟು:

ಮೀಟರ್ ಗೇಜ್ ಅನ್ನೋದು ಇಲ್ಲಿನ ಅರ್ಧ ಕಥೆ. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ. ನಮ್ಮ ಮಲಬಾರ್ ದಾರಿ ಮೊದಲಿಂದಲೂ ಬ್ರಾಡ್ ಗೇಜ್, 1676 ಮಿ.ಮೀ. ಮೈಸೂರು ಸೀಮೆಯಲ್ಲಿ ಇದ್ದದ್ದು ಹೆಚ್ಚು ಪಾಲು 1000 ಮಿ.ಮೀ. ಮೀಟರ್ ಗೇಜ್. ಘಟ್ಟದಲ್ಲಿ ಅಗಲ ಕಡಿಮೆ ಇದ್ದರೆ ತಿರುವು ಬಿಗಿಯಾಗಿ ಹಾಕಬಹುದು, ಸುರಂಗ ಸಣ್ಣದು ಸಾಕು, ಖರ್ಚು ಕಡಿಮೆ. ಹಾಗಾಗಿ ಅದನ್ನೇ ಕೆಳಗೆ ತಂದರು. ಫಲ ಏನು? ಮಂಗಳೂರಲ್ಲಿ ಎರಡೂ ಹಳಿ ಎದುರುಬದುರು ಬಂದು ನಿಂತವು, ಇದರ ಬೋಗಿ ಅದರ ಮೇಲೆ ಹೋಗೋ ಹಾಗಿಲ್ಲ. ಹಾಸನದಿಂದ ಬಂದ ಮೂಟೆ ಕಣ್ಣೂರಿಗೆ ಹೋಗಬೇಕಾದರೆ ಒಂದು ವ್ಯಾಗನ್ನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಇಳಿಸಿ ಏರಿಸುವಾಗ ಒಂದಷ್ಟು ಒಡೆಯುತ್ತದೆ, ಒಂದಷ್ಟು ಸೋರುತ್ತದೆ, ಒಂದು ದಿನ ಹೋಗುತ್ತದೆ. ಅದಕ್ಕಿಂತ ಲಾರಿಯೇ ಸಾಕು ಅಂತ ವ್ಯಾಪಾರಿ ನಿರ್ಧಾರ ಮಾಡಿದರೆ ತಪ್ಪಿದೆಯಾ?

ಆಮೇಲೆ 1996ರಲ್ಲಿ ಆ ದಾರಿ ಮುಚ್ಚಿ ಬ್ರಾಡ್ ಗೇಜ್ ಮಾಡಲು ಹೊರಟರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ 55 ಕಿ.ಮೀ. ಘಟ್ಟ, ಅದರಲ್ಲಿ 57 ಸುರಂಗ, 109 ಸೇತುವೆ. 50 ಅಡಿ ಹೋದರೆ ಒಂದಡಿ ಏರುವ ಚಡಾವು. ಗೂಡ್ಸ್ ಓಡಿದ್ದು 2006ರಲ್ಲಿ, ಜನ ಹತ್ತಿದ್ದು 2007ರ ಡಿಸೆಂಬರ್‌ನಲ್ಲಿ. 11 ವರ್ಷ ಜನರಿಗೆ ಘಟ್ಟದ ರೈಲೇ ಇರಲಿಲ್ಲ. ಯಡಕುಮರಿ ಸ್ಟೇಷನ್ ನೋಡಿದ್ದೀರಾ? ಸುತ್ತ ಕಾಡು, ಹಳಿ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಮಳೆಗಾಲದಲ್ಲಿ ಅಲ್ಲಿ ಗ್ಯಾಂಗ್‌ಮನ್ ಕೆಲಸ ಮಾಡುವವರಿಗೆ ಕೈ ಮುಗಿಯಬೇಕು. ಟಾರ್ಚ್ ಹಿಡಿದು ರಾತ್ರಿ ಗುಡ್ಡ ಜರಿದಿದೆಯಾ ಅಂತ ನಡೆದು ನೋಡೋದು ಸುಮ್ನೆ ಮಾತಲ್ಲ.

---

ಉಪ್ಪಳದಿಂದ:

ಉತ್ತರಕ್ಕೂ ಹಾಗೇ. 1907ರಲ್ಲಿ ಮಂಗಳೂರಲ್ಲಿ ನಿಂತ ಹಳಿ ಉಡುಪಿ ಕಡೆಗೆ ಹೋದದ್ದು ಯಾವಾಗ ಗೊತ್ತಾ? ಕೊಂಕಣ ರೈಲ್ವೆಯ ತೋಕೂರು–ಉಡುಪಿ ತುಂಡು 1993ರ ಮಾರ್ಚ್‌ನಲ್ಲಿ ಶುರುವಾಯಿತು. 86 ವರ್ಷ! ಅದೂ ಸಣ್ಣ ತುಂಡಾಗಿಯೇ ಬಂತು ನೋಡಿ. ಪೂರ್ತಿ ದಾರಿ ತೆರೆದದ್ದು 1998ರ ಜನವರಿ 26ಕ್ಕೆ. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿ ಆಗಿದ್ದಾಗ 1990ರಲ್ಲಿ ಕೊಂಕಣ ರೈಲ್ವೆ ನಿಗಮ ಆಯಿತು, ಇ. ಶ್ರೀಧರನ್ ಕಟ್ಟಿಸಿದರು. ಅಲ್ಲಿವರೆಗೆ ಮಂಗಳೂರಿನವರು ಮುಂಬಯಿಗೆ ಹೋಗ್ತಿದ್ದದ್ದು ಮೊದಲು ಹಡಗಿನಲ್ಲಿ, ಆಮೇಲೆ ರಾತ್ರಿಯಿಡೀ ಬಸ್ಸಿನಲ್ಲಿ.

ಬಸ್ಸು ಅಂದಾಗ ಇನ್ನೊಂದು ನೆನಪಾಯಿತು. ಮಂಗಳೂರಲ್ಲಿ ವಿ.ಎಸ್. ಕುಡ್ವರು ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿ ಶುರು ಮಾಡಿದ್ದು 1914ರಲ್ಲಿ, ಜನ ಅದನ್ನು ಸಿ.ಪಿ.ಸಿ. ಅಂತಲೇ ಕರೀತಿದ್ದರು. ರೈಲು ಬಂದು ಏಳೇ ವರ್ಷಕ್ಕೆ. ರೈಲು ನಿಂತ ಜಾಗದಿಂದ ಮುಂದಿನ ಊರುಗಳಿಗೆ ಜನರನ್ನು ಮುಟ್ಟಿಸಿದ್ದು ಬಸ್ಸು. ದಕ್ಷಿಣ ಕನ್ನಡದ ಖಾಸಗಿ ಬಸ್ಸುಗಳು ಇಷ್ಟು ಗಟ್ಟಿಯಾಗಿ ಬೆಳೆದದ್ದಕ್ಕೆ ಹಳಿ ಇಲ್ಲದ್ದೂ ಒಂದು ಕಾರಣ ಅಂತ ನನಗೆ ಅನಿಸ್ತದೆ.

---

ಪೆರ್ಲದ ಹುಡುಗಿ:

ಗಡಿನಾಡ ಅಣ್ಣ, ಚಂದ್ರಗಿರಿಯವರೇ, ಇಬ್ಬರಿಗೂ ಥ್ಯಾಂಕ್ಸ್. ಇನ್ನೊಂದು ಕೇಳಬೇಕಿತ್ತು. ಕೇರಳದಲ್ಲಿ ಕಾಡಿನೊಳಗೆ ರೈಲು ಇತ್ತು, ಈಗ ಇಲ್ಲ ಅಂತಾರಲ್ಲ, ಅದು ಎಲ್ಲಿ?

---

ಬಂದರಿನ ಬಳಿ:

ಅದು ಕೊಚ್ಚಿ ಸಂಸ್ಥಾನದ ಫಾರೆಸ್ಟ್ ಟ್ರಾಮ್‌ವೇ. ಚಾಲಕುಡಿಯಿಂದ ಪರಂಬಿಕುಳಂ ಕಾಡಿಗೆ, ಸುಮಾರು 80 ಕಿ.ಮೀ. 1907ರಲ್ಲಿ, ಅಂದರೆ ಮಂಗಳೂರಿಗೆ ರೈಲು ಬಂದ ವರ್ಷವೇ ಶುರು. ಮುಚ್ಚಿದ್ದು 1963ರಲ್ಲಿ. ತೇಗ, ಬೀಟೆ ಸಾಗಿಸೋದೇ ಕೆಲಸ.

ಅದರಲ್ಲಿ ನನಗೆ ಇಷ್ಟವಾದದ್ದು ಗುಡ್ಡ ಇಳಿಸುವ ವಿಧಾನ. ಕೆಲವು ಕಡೆ ಇಂಜಿನ್ನಿಗೆ ಹತ್ತಲಾಗದ ಕಡಿದಾದ ಇಳಿಜಾರು. ಅಲ್ಲಿ ಪಕ್ಕಪಕ್ಕ ಹಳಿ, ಮೇಲೆ ಒಂದು ದೊಡ್ಡ ರಾಟೆ, ಅದರ ಮೇಲೆ ಉಕ್ಕಿನ ಹಗ್ಗ. ಒಂದು ತುದಿಗೆ ಮರ ತುಂಬಿದ ಬಂಡಿ, ಇನ್ನೊಂದು ತುದಿಗೆ ಖಾಲಿ ಬಂಡಿ. ತುಂಬಿದ್ದು ತನ್ನ ಭಾರಕ್ಕೆ ಕೆಳಗೆ ಇಳಿಯುವಾಗ ಖಾಲಿಯನ್ನು ಮೇಲಕ್ಕೆ ಎಳೆಯುತ್ತದೆ. ಇಂಧನವೇ ಬೇಡ. ಬ್ರೇಕ್ ಹಿಡಿಯುವವನ ಕೈ ಗಟ್ಟಿ ಇರಬೇಕು ಅಷ್ಟೆ. ಬಾವಿಯ ರಾಟೆಯಲ್ಲಿ ಎರಡು ಕೊಡ ಕಟ್ಟಿ ಸೇದುವ ಹಾಗೆ.

ನಿಲಂಬೂರ್–ಶೊರ್ನೂರ್ ದಾರಿಯೂ ಮರಕ್ಕೇ ಹಾಕಿದ್ದು, 66 ಕಿ.ಮೀ., 1920ರ ದಶಕದಲ್ಲಿ. ಎರಡನೇ ಮಹಾಯುದ್ಧ ಬಂತು, ಕಬ್ಬಿಣ ಬೇಕು ಅಂತ ಬ್ರಿಟಿಷರು ಹಳಿಯನ್ನೇ ಕಿತ್ತುಕೊಂಡು ಹೋದರು. ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಹಾಕಿದರು. ಈಗಲೂ ಓಡ್ತಾ ಇದೆ. ನೋಡದವರು ಒಮ್ಮೆ ಹೋಗಿ ಬನ್ನಿ, ಎರಡೂ ಬದಿ ತೇಗದ ಮರ.

---

ಕುಂಬಳೆ ಮಾಷ್ಟ್ರು:

ಗುರುತು ಎಲ್ಲಿ ಉಳಿದಿದೆ ಅಂತ ಮೊದಲಿಗೆ ಕೇಳಿದ್ದಿರಿ. ನನಗೆ ಗೊತ್ತಿರುವುದು ಎರಡು ಜಾಗ.

ಒಂದು, ಹಳೇ ಹಳಿಯೇ. ಹಳಿ ಸವೆದು ತೆಗೆದ ಮೇಲೆ ಅದನ್ನು ಬಿಸಾಡೋದಿಲ್ಲ. ಪ್ಲಾಟ್‌ಫಾರ್ಮ್ ಮಾಡಿನ ಕಂಬ, ಗೇಟಿನ ಬೇಲಿ, ಮೋರಿಯ ಅಡ್ಡ ತೊಲೆ ಆಗ್ತದೆ. ನಮ್ಮ ಕಡೆಯ ಹಳೇ ಅಂಗಡಿ ಮಾಳಿಗೆಗಳಲ್ಲೂ ತೊಲೆಯ ಬದಲು ರೈಲು ಕಂಬಿ ಕೊಟ್ಟದ್ದು ಇದೆ. ಹಳಿಯ ಬದಿಯನ್ನು, ತಲೆಗೂ ಪಾದಕ್ಕೂ ನಡುವಿನ ಚಪ್ಪಟೆ ಜಾಗವನ್ನು, ಚೆನ್ನಾಗಿ ಉಜ್ಜಿ ನೋಡಿ. ತಯಾರಿಸಿದ ಕಂಪನಿಯ ಹೆಸರು, ವರ್ಷ ಉಬ್ಬಕ್ಷರದಲ್ಲಿ ಇರುತ್ತದೆ. ಬಣ್ಣ ಬಳಿದು ಬಳಿದು ಅಕ್ಷರ ಮುಚ್ಚಿಹೋಗಿದ್ದರೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಮೂಡುತ್ತದೆ. ಆ ಹಳಿ ಯಾವಾಗ ಮಾಡಿದ್ದು ಅಂತ ಅದೇ ಹೇಳುತ್ತದೆ. ಆದರೆ ಒಂದು ಎಚ್ಚರ ಇರಲಿ. ಅದು ಹಳಿಯ ವರ್ಷ, ಕಟ್ಟಡದ್ದಲ್ಲ.

ಎರಡು, ಮನೆಯ ಕಬ್ಬಿಣದ ಪೆಟ್ಟಿಗೆ. 1906ರ ಸುಮಾರಿಗೆ ಹಳಿಗೆ ಜಾಗ ಕೊಟ್ಟ ಕುಟುಂಬಗಳ ಪಾಲುಪಟ್ಟಿ, ಕ್ರಯಪತ್ರ ತೆಗೆದು ನೋಡಿ. ಚಕ್ಕುಬಂದಿ ಬರೆಯುವಲ್ಲಿ "ಪಡುವಲು ರೈಲು ಮಾರ್ಗ" ಅಂತ ಬರುತ್ತದೆ. ಅದಕ್ಕಿಂತ ಹಿಂದಿನ ಪತ್ರದಲ್ಲಿ ಅದೇ ಬದಿಗೆ ಯಾರದೋ ಗದ್ದೆ, ಯಾರದೋ ತೆಂಗಿನ ತೋಟ ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ಹಳಿ ಯಾರ ಗದ್ದೆಯ ಮೇಲೆ ಹೋಯಿತು, ಯಾರ ತೋಟ ಎರಡು ಹೋಳಾಯಿತು ಅಂತ ಗೊತ್ತಾಗುತ್ತದೆ. ಹಳಿಯ ಆಚೆ ಉಳಿದ ತುಂಡು ಗದ್ದೆಗೆ ನೀರು ಬಿಡೋದು ಹೇಗೆ, ಎತ್ತು ದಾಟಿಸೋದು ಎಲ್ಲಿ ಅಂತ ಆ ಮನೆಗಳಲ್ಲಿ ಎಷ್ಟು ತಲೆಬಿಸಿ ಆಗಿರಬೇಡ! ಇದು ಯಾವ ರೈಲ್ವೆ ದಾಖಲೆಯಲ್ಲೂ ಸಿಗೋದಿಲ್ಲ. ನಮ್ಮ ಪೆಟ್ಟಿಗೆಯಲ್ಲೇ ಇರೋದು. ಗೆದ್ದಲು ಹಿಡಿಯುವ ಮೊದಲು ಒಂದು ಫೋಟೋ ತೆಗೆದಿಡಿ.

---

ಗಡಿನಾಡ ಓದುಗ:

ಮಾಷ್ಟ್ರೇ, ಇದು ಬಹಳ ಒಳ್ಳೆಯ ದಾರಿ. 1908ರಲ್ಲಿ ಮದ್ರಾಸ್ ರೈಲ್ವೆ ಒಡೆದು ನಮ್ಮ ದಾರಿ ಸೌತ್ ಇಂಡಿಯನ್ ರೈಲ್ವೆಗೆ ಹೋಯಿತು, 1951ರಲ್ಲಿ ಅದೂ ಸೇರಿ ದಕ್ಷಿಣ ರೈಲ್ವೆ ಆಯಿತು. ಕಂಪನಿ ಬದಲಾದಾಗೆಲ್ಲ ಕಡತಗಳು ಊರು ಬದಲಾಯಿಸಿವೆ. ಮನೆಯ ಪತ್ರಗಳು ಇದ್ದಲ್ಲೇ ಇವೆ.

---

ಹೊಸದುರ್ಗದ ಗೇಟು:

ಹಳೆಯದರ ಜೊತೆ ಮುಂದಿನದೂ ಮಾತಾಡೋಣ. ಕಾಞಂಗಾಡ್–ಪಾಣತ್ತೂರು–ಕಾಣಿಯೂರು ದಾರಿ. ಸುಮಾರು 90 ಕಿ.ಮೀ. ನಮ್ಮ ಹೊಸದುರ್ಗದಿಂದ (ಕಾಞಂಗಾಡ್ ಅಂದರೂ ಅದೇ) ಪೂರ್ವಕ್ಕೆ ಹೋಗಿ ಮಂಗಳೂರು–ಹಾಸನ ದಾರಿಯನ್ನು ಕಾಣಿಯೂರಲ್ಲಿ ಸೇರೋದು. ಸರ್ವೆ ಆಗಿದೆ. ಖರ್ಚಿನಲ್ಲಿ ಪಾಲು ಕೊಡಲು ಕೇರಳ ಮುಂದೆ ಬಂದಿತ್ತು. ಎರಡೂ ರಾಜ್ಯ ಕೈ ಜೋಡಿಸಿದರೆ ಮಾತ್ರ ಆಗುವ ಕೆಲಸ ಇದು. ಆದರೆ ಸುಳ್ಯ ಕಡೆಯವರಿಗೆ ಮೊದಲ ಸಲ ರೈಲು, ನಮಗೆ ಮಂಗಳೂರು ಸುತ್ತದೆ ಬೆಂಗಳೂರು.

---

ಉಪ್ಪಳದಿಂದ:

ಕಾಡು ಎಷ್ಟು ಹೋಗುತ್ತದೆ ಅನ್ನೋದನ್ನೂ ಕೇಳಬೇಕು. ಪಾಣತ್ತೂರಿನ ಆಚೆ ಗುಡ್ಡ ಹೇಗಿದೆ ಅಂತ ನಿಮಗೂ ಗೊತ್ತು. ಸಕಲೇಶಪುರದ ಕಡೆ ಪ್ರತಿ ಮಳೆಗಾಲ ಮಣ್ಣು ಕುಸಿದು ರೈಲು ನಿಲ್ಲೋದು ನೋಡ್ತಾ ಇದ್ದೇವೆ.

---

ಹೊಸದುರ್ಗದ ಗೇಟು:

ಕೇಳಲೇಬೇಕು, ಒಪ್ಪಿದೆ. ಆದರೆ ಅದೇ ಕಾರಣಕ್ಕೆ ರಸ್ತೆ ಅಗಲ ಮಾಡೋದನ್ನು ಯಾರೂ ನಿಲ್ಲಿಸಿಲ್ಲ. ಒಂದು ಜೋಡಿ ಹಳಿಗೆ ಬೇಕಾಗೋ ಜಾಗ ಚತುಷ್ಪಥ ರಸ್ತೆಗಿಂತ ಕಡಿಮೆ. ನನ್ನ ಮತ ರೈಲಿಗೇ.

---

ಚಂದ್ರಗಿರಿ ತೀರ:

ಕಾಣಿಯೂರು ದಾರಿಗೆ ಬೇರೆಯೇ ಚರ್ಚೆ ತೆರೆಯೋಣ, ಅದಕ್ಕೆ ಅಷ್ಟು ವಿಷಯ ಇದೆ. ಇಲ್ಲಿ ಹಳೇ ಪತ್ರ, ಹಳೇ ಹಳಿಯ ಗುರುತು ಸೇರಿಸ್ತಾ ಹೋಗೋಣ. ಪತ್ರದ ಫೋಟೋ ಹಾಕುವವರು ಮನೆತನದ ಹೆಸರು, ಸರ್ವೆ ನಂಬ್ರ ಮುಚ್ಚಿ ಹಾಕಿ, ಊರು ಮತ್ತು ವರ್ಷ ಮಾತ್ರ ಸಾಕು. ಹಳಿಯ ಅಕ್ಷರ ಉಜ್ಜಿ ನೋಡುವವರು ಓಡುವ ಹಳಿಯ ಹತ್ತಿರ ಹೋಗಲೇಬೇಡಿ. ಅಂಗಡಿ ಮಾಳಿಗೆ, ಹಳೇ ಬೇಲಿ, ಇವಿಷ್ಟೇ ನೋಡಿ. ಮೊದಲು ಕುಂಬಳೆ, ಮಂಜೇಶ್ವರ ಕಡೆಯದು ಬರಲಿ. ಆಮೇಲೆ ನೀಲೇಶ್ವರದ ಕಡೆಗೆ ಹೋಗೋಣ.